ಔಷಧಕ್ಕೆ ಸಿಕ್ಕ ವಿಳಾಸ: ಜೀವಕೋಶದ ಪೊರೆಯ ಸಾಗಣೆ ಪ್ರೋಟೀನುಗಳು ಮತ್ತು ಅಗ್ಗವಾದ ಮಧುಮೇಹದ ಮಾತ್ರೆ

2025ರ ಮಾರ್ಚ್ ತಿಂಗಳಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಔಷಧದ ಪೇಟೆಂಟ್ ಅವಧಿ ಭಾರತದಲ್ಲಿ ಮುಗಿಯಿತು. ಅಲ್ಲಿಯವರೆಗೆ ಒಂದು ಮಾತ್ರೆಗೆ ಸುಮಾರು 60 ರೂಪಾಯಿ ತೆರಬೇಕಾಗಿತ್ತು. ದೇಶದ ಹಲವು ಕಂಪನಿಗಳು ಅದನ್ನೇ ತಯಾರಿಸಿ ತಮ್ಮ ತಮ್ಮ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೇಲೆ ಅದು ಹತ್ತು ರೂಪಾಯಿಯೊಳಗೂ ಸಿಗತೊಡಗಿತು. ಅದೇ ಗುಂಪಿನ ಡಾಪಾಗ್ಲಿಫ್ಲೋಜಿನ್ 2020ರ ಅಕ್ಟೋಬರಿನಲ್ಲೇ ಈ ದಾರಿ ಹಿಡಿದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಅಂಥ ದೇಶದಲ್ಲಿ ಹೃದಯವನ್ನೂ ಮೂತ್ರಪಿಂಡವನ್ನೂ ಕಾಯುವ ಒಂದು ಮಾತ್ರೆಯ ಬೆಲೆ ಹೀಗೆ ಇಳಿದದ್ದು ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ದೊಡ್ಡ ಸಂಗತಿ. ಆದರೆ ಈ ಮಾತ್ರೆ ದೇಹದಲ್ಲಿ ಏನು ಮಾಡುತ್ತದೆ ಎಂಬುದು ಅದನ್ನು ದಿನವೂ ನುಂಗುವ ಬಹುಪಾಲು ಮಂದಿಗೆ ತಿಳಿದಿಲ್ಲ. ಅದು ಇನ್ಸುಲಿನ್ನಿನ ಗೊಡವೆಗೇ ಹೋಗುವುದಿಲ್ಲ. ಮೂತ್ರಪಿಂಡದ ಒಂದು ನಿರ್ದಿಷ್ಟ ಜಾಗದಲ್ಲಿರುವ ಒಂದೇ ಒಂದು ಸಾಗಣೆ ಪ್ರೋಟೀನನ್ನು ಅದು ತಡೆದು ನಿಲ್ಲಿಸುತ್ತದೆ, ಅಷ್ಟೇ.

ಈ ‘ಅಷ್ಟೇ’ ಎಂಬುದರ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ. ಸಾಗಣೆ ಪ್ರೋಟೀನುಗಳನ್ನು ಗುರಿಯಾಗಿಟ್ಟುಕೊಂಡ ಔಷಧಗಳಲ್ಲಿ ಕೆಲವು ಯಾಕೆ ಅದ್ಭುತವಾಗಿ ಗೆದ್ದವು, ಕೆಲವು ಯಾಕೆ ದಶಕಗಳ ಶ್ರಮದ ನಂತರವೂ ಸೋತವು ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಆ ಉತ್ತರ ನನಗೆ ತೋರುವಂತೆ ಇಷ್ಟು: ಪ್ರೋಟೀನು ಏನನ್ನು ಸಾಗಿಸುತ್ತದೆ ಎಂಬುದಕ್ಕಿಂತ ಅದು ದೇಹದಲ್ಲಿ ಎಲ್ಲೆಲ್ಲಿ ಇದೆ ಎಂಬುದು ಔಷಧದ ಭವಿಷ್ಯವನ್ನು ಹೆಚ್ಚಾಗಿ ನಿರ್ಧರಿಸುತ್ತದೆ.

ಜೀವಕೋಶವನ್ನು ಸುತ್ತುವರಿದಿರುವ ಪೊರೆ ಕೊಬ್ಬಿನಿಂದಾದದ್ದು. ಆಮ್ಲಜನಕ, ಇಂಗಾಲದ ಡೈಆಕ್ಸೈಡಿನಂಥ ಅನಿಲಗಳು ಅದರ ಮೂಲಕ ಸುಲಭವಾಗಿ ನುಸುಳುತ್ತವೆ. ಆದರೆ ಗ್ಲೂಕೋಸ್, ಅಮೈನೊ ಆಮ್ಲಗಳು, ಸೋಡಿಯಂ, ಪೊಟ್ಯಾಸಿಯಂ ಮುಂತಾದ ನೀರಿನಲ್ಲಿ ಕರಗುವ ವಸ್ತುಗಳು ತಾವಾಗಿಯೇ ಅದನ್ನು ದಾಟಲಾರವು. ಅವುಗಳನ್ನು ದಾಟಿಸುವುದಕ್ಕಾಗಿ ಪೊರೆಯ ಉದ್ದಕ್ಕೂ ಪ್ರೋಟೀನುಗಳು ಹುದುಗಿವೆ. ಕೆಲವು ನೇರವಾದ ಕಾಲುವೆಗಳು. ತೆರೆದಾಗ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಹರಿದುಹೋಗುತ್ತವೆ. ಕೆಲವು ಪಂಪುಗಳು, ಎಟಿಪಿ ಎಂಬ ಶಕ್ತಿಯ ಅಣುವನ್ನು ವ್ಯಯಿಸಿ ವಸ್ತುವನ್ನು ಅದರ ಇಳಿಜಾರಿಗೆ ವಿರುದ್ಧವಾಗಿ, ಅಂದರೆ ಅದು ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ, ತಳ್ಳುತ್ತವೆ. ಇನ್ನು ಕೆಲವು ಒಂದು ವಸ್ತುವಿನ ಇಳಿಜಾರಿನ ಬಲದಿಂದ ಇನ್ನೊಂದನ್ನು ಜೊತೆಯಲ್ಲಿ ಎಳೆದುಕೊಂಡು ಹೋಗುತ್ತವೆ. ಎಂಪಾಗ್ಲಿಫ್ಲೋಜಿನ್ ತಡೆಯುವ ಎಸ್‌ಜಿಎಲ್‌ಟಿ2 ಎಂಬ ಪ್ರೋಟೀನು ಈ ಮೂರನೆಯ ಬಗೆಯದು. ಅದು ಒಂದು ಸೋಡಿಯಂ ಅಯಾನಿನ ಜೊತೆ ಒಂದು ಗ್ಲೂಕೋಸ್ ಅಣುವನ್ನು ಕೋಶದೊಳಗೆ ಸೇರಿಸುತ್ತದೆ.

ಆರೋಗ್ಯವಂತ ವಯಸ್ಕರ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರೊಂದಿಗೆ ಸುಮಾರು 180 ಗ್ರಾಂ ಗ್ಲೂಕೋಸೂ ಸೂಕ್ಷ್ಮನಾಳಗಳೊಳಗೆ ಇಳಿಯುತ್ತದೆ. ಅಷ್ಟೂ ಸಕ್ಕರೆ ಮೂತ್ರದಲ್ಲಿ ಹೋಗಿಬಿಟ್ಟರೆ ದೇಹಕ್ಕೆ ದೊಡ್ಡ ನಷ್ಟ. ಆದ್ದರಿಂದ ನಾಳದ ಮೊದಲ ಭಾಗದಲ್ಲಿರುವ ಎಸ್‌ಜಿಎಲ್‌ಟಿ2 ಅದರ ಸುಮಾರು ಶೇ 90ರಷ್ಟನ್ನು ಮರಳಿ ಹೀರಿಕೊಳ್ಳುತ್ತದೆ, ಉಳಿದದ್ದನ್ನು ಸ್ವಲ್ಪ ಮುಂದೆ ಇರುವ ಎಸ್‌ಜಿಎಲ್‌ಟಿ1 ಹಿಡಿದುಕೊಳ್ಳುತ್ತದೆ, ಮೂತ್ರದಲ್ಲಿ ಸಕ್ಕರೆ ಉಳಿಯುವುದಿಲ್ಲ. ಮಧುಮೇಹಿಗಳಲ್ಲಿ ಮೂತ್ರಪಿಂಡದ ಈ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಯಾವ ಸಕ್ಕರೆ ದೇಹಕ್ಕೆ ಹೊರೆಯಾಗಿದೆಯೋ ಅದನ್ನೇ ಮೂತ್ರಪಿಂಡ ಜತನದಿಂದ ರಕ್ತಕ್ಕೆ ಹಿಂದಿರುಗಿಸುತ್ತಿರುತ್ತದೆ.

ಸೇಬಿನ ತೊಗಟೆಯಿಂದ ಶುರುವಾದದ್ದು

1835ರಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಕಹಿಯಾದ ಒಂದು ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಫ್ಲೋರಿಜಿನ್ ಎಂದು ಹೆಸರಿಟ್ಟರು. ಸಿಂಕೋನಾ ತೊಗಟೆಯ ಕ್ವಿನೈನಿನಂತೆ ಇದೂ ಕಹಿಯಾಗಿದ್ದುದರಿಂದ ಜ್ವರಕ್ಕೆ ಮದ್ದಾದೀತು ಎಂಬ ನಿರೀಕ್ಷೆ ಅವರಿಗಿತ್ತು. ಅರ್ಧ ಶತಮಾನದ ನಂತರ, 1886ರ ಸುಮಾರಿಗೆ, ಜರ್ಮನಿಯ ಯೋಸೆಫ್ ಫಾನ್ ಮೆರಿಂಗ್ ಇದನ್ನು ಪ್ರಾಣಿಗಳಿಗೆ ಕೊಟ್ಟಾಗ ಮೂತ್ರದಲ್ಲಿ ಸಕ್ಕರೆ ಹೇರಳವಾಗಿ ಹೋಗುವುದನ್ನು ಕಂಡರು. ಮೇದೋಜ್ಜೀರಕ ಗ್ರಂಥಿಯನ್ನು ತೆಗೆದರೆ ನಾಯಿಗೆ ಮಧುಮೇಹ ಬರುತ್ತದೆ ಎಂದು 1889ರಲ್ಲಿ ಆಸ್ಕರ್ ಮಿಂಕೋವ್ಸ್ಕಿಯವರ ಜೊತೆ ತೋರಿಸಿಕೊಟ್ಟವರೂ ಇದೇ ಮೆರಿಂಗ್. ಹೀಗೆ ಮಧುಮೇಹದ ಕಾರಣದ ಒಂದು ಎಳೆ ಮತ್ತು ಮುಂದೆ ಬರಲಿದ್ದ ಒಂದು ಚಿಕಿತ್ಸೆಯ ಎಳೆ ಒಬ್ಬರದೇ ಕೈಯಲ್ಲಿದ್ದವು. ಅವೆರಡೂ ಕೂಡಿಕೊಳ್ಳಲು ಇನ್ನೊಂದು ನೂರು ವರ್ಷ ಬೇಕಾಯಿತು. ಆಗಿನ ಕಣ್ಣಿಗೆ ಫ್ಲೋರಿಜಿನ್ ಮಧುಮೇಹದಂಥ ಸ್ಥಿತಿಯನ್ನು ಉಂಟುಮಾಡುವ ವಸ್ತುವಾಗಿ ಕಂಡಿತೇ ಹೊರತು, ಅದನ್ನು ಶಮನ ಮಾಡುವ ವಸ್ತುವಾಗಿ ಕಾಣುವುದು ಸಾಧ್ಯವಿರಲಿಲ್ಲ.

ನಡುವೆ ಬೇಕಿದ್ದದ್ದು ಸಾಗಣೆಯ ತಿಳಿವಳಿಕೆ. 1960ರ ಆಗಸ್ಟಿನಲ್ಲಿ ಪ್ರಾಗ್ ನಗರದಲ್ಲಿ ನಡೆದ ವಿಚಾರ ಸಂಕಿರಣವೊಂದರಲ್ಲಿ ರಾಬರ್ಟ್ ಕ್ರೇನ್ ಅವರು ಕರುಳಿನ ಕೋಶಗಳು ಗ್ಲೂಕೋಸನ್ನು ಸೋಡಿಯಂ ಜೊತೆಗೇ ಒಳಗೆ ತೆಗೆದುಕೊಳ್ಳುತ್ತವೆ ಎಂಬ ವಿಚಾರವನ್ನು ಮಂಡಿಸಿದರು. ಪೊರೆಯನ್ನು ದಾಟುವಾಗ ಎರಡು ಬೇರೆ ಬೇರೆ ವಸ್ತುಗಳು ಒಂದಕ್ಕೊಂದು ಜೋಡಿಯಾಗಿ ಸಾಗಬಹುದೆಂದು ಯಾರೂ ಅಷ್ಟು ಸ್ಪಷ್ಟವಾಗಿ ಅಲ್ಲಿಯವರೆಗೆ ಹೇಳಿರಲಿಲ್ಲ. 1987ರಲ್ಲಿ ಅಮೆರಿಕದ ಅರ್ನೆಸ್ಟ್ ರೈಟ್ ಅವರ ತಂಡ ಮೊಲದ ಕರುಳಿನ ಕೋಶಗಳಲ್ಲಿ ಪ್ರೋಟೀನು ತಯಾರಿಸುವ ಸೂಚನೆ ಹೊತ್ತ ಆರ್‌ಎನ್‌ಎಯನ್ನು ಕಪ್ಪೆಯ ಮೊಟ್ಟೆಗಳಿಗೆ ಚುಚ್ಚಿ, ಯಾವ ತುಣುಕು ಸೇರಿದಾಗ ಮೊಟ್ಟೆ ಸಕ್ಕರೆಯನ್ನು ಹೀರತೊಡಗುತ್ತದೆ ಎಂದು ಹುಡುಕುತ್ತಾ ಹೋಗಿ ಎಸ್‌ಜಿಎಲ್‌ಟಿ1ರ ವಂಶವಾಹಿಯನ್ನು ಪತ್ತೆಮಾಡಿತು. ಅದೇ ವರ್ಷ ಇನ್ನೊಂದು ತಂಡ ಮಧುಮೇಹವಿದ್ದ ಇಲಿಗಳಿಗೆ ಫ್ಲೋರಿಜಿನ್ ಕೊಟ್ಟು, ಮೂತ್ರದಲ್ಲಿ ಸಕ್ಕರೆ ಹೋದಂತೆ ರಕ್ತದ ಸಕ್ಕರೆ ಇಳಿಯುವುದಷ್ಟೇ ಅಲ್ಲದೆ ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಗುಣವೂ ಮರಳುತ್ತದೆ ಎಂದು ತೋರಿಸಿತು.

ಆದರೂ ಫ್ಲೋರಿಜಿನ್ ತಾನೇ ಔಷಧವಾಗಲಾರದಾಗಿತ್ತು. ಬಾಯಿಯ ಮೂಲಕ ಕೊಟ್ಟರೆ ಅದು ಕರುಳಿನಲ್ಲೇ ಒಡೆದುಹೋಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅದು ಎಸ್‌ಜಿಎಲ್‌ಟಿ1 ಮತ್ತು ಎಸ್‌ಜಿಎಲ್‌ಟಿ2 ಎರಡನ್ನೂ ತಡೆಯುತ್ತಿತ್ತು. ಈ ಎರಡರಲ್ಲಿ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕಲಿಸಿದ್ದು ಹುಟ್ಟಿನಿಂದಲೇ ಇವುಗಳಲ್ಲಿ ದೋಷವಿದ್ದ ಮನುಷ್ಯರು. ಎಸ್‌ಜಿಎಲ್‌ಟಿ1 ಕೆಲಸ ಮಾಡದ ಶಿಶುವಿಗೆ ತಾಯಿಯ ಹಾಲು ಕುಡಿದ ಮೊದಲ ದಿನಗಳಲ್ಲೇ ಪ್ರಾಣಾಂತಿಕವಾದ ಭೇದಿ ಶುರುವಾಗುತ್ತದೆ, ಏಕೆಂದರೆ ಕರುಳಿನಲ್ಲಿ ಗ್ಲೂಕೋಸನ್ನು ಹೀರುವುದು ಅದೇ ಪ್ರೋಟೀನು. ಎಸ್‌ಜಿಎಲ್‌ಟಿ2 ಕೆಲಸ ಮಾಡದವರಾದರೋ ಜೀವನಪೂರ್ತಿ ಮೂತ್ರದಲ್ಲಿ ಸಕ್ಕರೆಯನ್ನು ಕಳೆದುಕೊಳ್ಳುತ್ತಾರೆ, ಕೆಲವರಲ್ಲಿ ಅದು ದಿನಕ್ಕೆ 100 ಗ್ರಾಂ ದಾಟುವುದೂ ಉಂಟು. ಆದರೂ ಬಹುಪಾಲು ಮಂದಿ ಯಾವ ತೊಂದರೆಯೂ ಇಲ್ಲದೆ ಬದುಕುತ್ತಾರೆ. ಔಷಧ ಕಂಪನಿಯೊಂದು ಎಷ್ಟೇ ಹಣ ಸುರಿದರೂ ಇಷ್ಟು ದೀರ್ಘವಾದ, ಇಷ್ಟು ನಂಬಲರ್ಹವಾದ ಸುರಕ್ಷತಾ ಪರೀಕ್ಷೆಯನ್ನು ಮನುಷ್ಯರ ಮೇಲೆ ನಡೆಸಲಾರದು. ಎಸ್‌ಜಿಎಲ್‌ಟಿ2 ಮುಖ್ಯವಾಗಿ ಮೂತ್ರಪಿಂಡದಲ್ಲಷ್ಟೇ ಇದೆ ಎಂಬುದೇ ಅದರ ದೊಡ್ಡ ಗುಣ.

ಆ ಒಂದನ್ನೇ ಹಿಡಿಯುವಂತೆ, ಕರುಳಿನಲ್ಲಿ ಒಡೆಯದಂತೆ ಫ್ಲೋರಿಜಿನ್ನಿನ ರಚನೆಯನ್ನು ಬದಲಿಸುತ್ತಾ ಬಂದ ಫಲವಾಗಿ 2012ರಲ್ಲಿ ಡಾಪಾಗ್ಲಿಫ್ಲೋಜಿನ್‌ಗೆ ಯುರೋಪಿನಲ್ಲಿ, 2013ರಲ್ಲಿ ಕ್ಯಾನಾಗ್ಲಿಫ್ಲೋಜಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2014ರಲ್ಲಿ ಎಂಪಾಗ್ಲಿಫ್ಲೋಜಿನ್ ಬಂತು. ಇವು ಪ್ರೋಟೀನನ್ನು ಹಿಡಿಯುವ ಬಗೆ ನಿಖರವಾಗಿ ಕಣ್ಣಿಗೆ ಕಂಡದ್ದು ಇನ್ನೂ ತಡವಾಗಿ, 2021ರ ಕೊನೆಯಲ್ಲಿ, ಚೀನಾದ ಸಂಶೋಧಕರು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅದರ ರಚನೆಯನ್ನು ಬಿಡಿಸಿದಾಗ. ಸಾಗಣೆ ಪ್ರೋಟೀನು ಒಮ್ಮೆ ಹೊರಗಡೆಗೆ ಬಾಯಿ ತೆರೆದು ವಸ್ತುವನ್ನು ಹಿಡಿಯುತ್ತದೆ, ಬಾಯಿ ಮುಚ್ಚುತ್ತದೆ, ಬಳಿಕ ಒಳಗಡೆಗೆ ತೆರೆದು ಅದನ್ನು ಬಿಡುತ್ತದೆ. ಎಂಪಾಗ್ಲಿಫ್ಲೋಜಿನ್ ಅಣುವಿನ ಒಂದು ತುದಿ ಸಕ್ಕರೆಯೇ ಆಗಿರುವುದರಿಂದ ಅದು ಸಕ್ಕರೆ ಕೂರಬೇಕಾದ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಅದರ ಉಳಿದ ಉದ್ದನೆಯ ಭಾಗ ಹೊರಬಾಯಿಯಲ್ಲಿ ಚಾಚಿಕೊಂಡಿದ್ದು, ಹೊಸ್ತಿಲ ಮೇಲೆ ಮರದ ತುಂಡು ಸಿಕ್ಕಿಸಿಟ್ಟ ಬಾಗಿಲಿನಂತೆ ಪ್ರೋಟೀನು ಮುಚ್ಚಿಕೊಳ್ಳದ ಹಾಗೆ ಮಾಡುತ್ತದೆ.

ಯಾರೂ ನಿರೀಕ್ಷಿಸದ ಫಲ

ಸಕ್ಕರೆ ಇಳಿಸುವುದರಲ್ಲಿ ಈ ಔಷಧಗಳು ಅಂಥ ಬಲಶಾಲಿಗಳೇನೂ ಅಲ್ಲ. ಎಸ್‌ಜಿಎಲ್‌ಟಿ2 ಪೂರ್ತಿ ನಿಂತರೂ ಮುಂದಿರುವ ಎಸ್‌ಜಿಎಲ್‌ಟಿ1 ತನ್ನ ಕೆಲಸವನ್ನು ಹೆಚ್ಚಿಸಿಕೊಳ್ಳುವುದರಿಂದ ಸೋಸಿಬಂದ ಸಕ್ಕರೆಯ ಅರ್ಧದಷ್ಟೂ ಸಾಮಾನ್ಯವಾಗಿ ಹೊರಹೋಗುವುದಿಲ್ಲ. ಈ ಮಿತಿಯೇ ಒಂದು ರಕ್ಷಣೆ ಕೂಡ: ಇವುಗಳನ್ನು ಮಾತ್ರ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯಕರವಾಗಿ ಕುಸಿಯುವುದು ಅಪರೂಪ.

ಇವುಗಳ ನಿಜವಾದ ಬೆಲೆ ಗೊತ್ತಾದದ್ದು ಬೇರೆ ಕಾರಣಕ್ಕೆ ನಡೆದ ಪರೀಕ್ಷೆಯಲ್ಲಿ. ಹಳೆಯ ಮಧುಮೇಹದ ಔಷಧವೊಂದು ಹೃದಯಕ್ಕೆ ಹಾನಿ ಮಾಡುತ್ತಿರಬಹುದೆಂಬ ಆತಂಕ ಎದ್ದಿದ್ದರಿಂದ, ಹೊಸ ಔಷಧಗಳು ಹೃದಯಕ್ಕೆ ಕೆಡುಕು ಮಾಡುವುದಿಲ್ಲವೆಂದು ಸಾಬೀತುಪಡಿಸಬೇಕೆಂದು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳಿತು. ಅದರಂತೆ ಹೃದ್ರೋಗವಿದ್ದ 7,020 ಮಧುಮೇಹಿಗಳ ಮೇಲೆ ಎಂಪಾಗ್ಲಿಫ್ಲೋಜಿನ್ ಪರೀಕ್ಷೆ ನಡೆಯಿತು. 2015ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಅದರ ಫಲಿತಾಂಶ ಪ್ರಕಟವಾದಾಗ ಕೆಡುಕಿಲ್ಲ ಎಂಬುದಷ್ಟೇ ಅಲ್ಲ, ಹೃದಯ ಸಂಬಂಧಿ ಸಾವುಗಳು ಶೇ 5.9ರಿಂದ ಶೇ 3.7ಕ್ಕೆ ಇಳಿದದ್ದು ಕಂಡುಬಂತು. 2019ರಲ್ಲಿ ಹೃದಯ ವೈಫಲ್ಯದ 4,744 ರೋಗಿಗಳನ್ನೊಳಗೊಂಡ ಡಾಪಾಗ್ಲಿಫ್ಲೋಜಿನ್ ಪರೀಕ್ಷೆಯ ಫಲಿತಾಂಶ ಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಧುಮೇಹವೇ ಇರಲಿಲ್ಲ, ಆದರೂ ಅವರಿಗೂ ಅಷ್ಟೇ ಪ್ರಯೋಜನವಾಯಿತು. 2020ರಲ್ಲಿ ದೀರ್ಘಕಾಲದ ಮೂತ್ರಪಿಂಡ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ರೋಗ ಉಲ್ಬಣಿಸುವ ಅಪಾಯ ಶೇ 39ರಷ್ಟು ಕಡಿಮೆಯಾದದ್ದು ಕಂಡು ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಸಕ್ಕರೆಯ ಮಾತ್ರೆ ಎಂದು ಹುಟ್ಟಿದ್ದು ಹೃದಯದ ಮಾತ್ರೆ, ಕಿಡ್ನಿಯ ಮಾತ್ರೆ ಎನಿಸಿಕೊಂಡಿತು.

ಮೂತ್ರಪಿಂಡಕ್ಕೆ ಆಗುವ ಲಾಭದ ಕಾರಣ ಬಹುಮಟ್ಟಿಗೆ ತಿಳಿದಿದೆ, ಮತ್ತು ಅದು ಸಾಗಣೆಯ ಲೆಕ್ಕಾಚಾರದಿಂದಲೇ ಹೊರಡುತ್ತದೆ. ಎಸ್‌ಜಿಎಲ್‌ಟಿ2 ಸಕ್ಕರೆಯ ಜೊತೆ ಸೋಡಿಯಂ ಅನ್ನೂ ಹೀರುತ್ತದಷ್ಟೆ. ಮಧುಮೇಹದಲ್ಲಿ ಇದು ಅತಿಯಾಗಿ ನಡೆಯುವುದರಿಂದ ನಾಳದ ಮುಂದಿನ ಭಾಗಕ್ಕೆ ತಲುಪುವ ಸೋಡಿಯಂ ಕಡಿಮೆಯಾಗುತ್ತದೆ. ಅಲ್ಲಿರುವ ಸಂವೇದಕ ಕೋಶಗಳು ಇದನ್ನು ಸೋಸುವಿಕೆ ಸಾಲುತ್ತಿಲ್ಲ ಎಂದು ತಪ್ಪಾಗಿ ಗ್ರಹಿಸಿ, ರಕ್ತವನ್ನು ಒಳತರುವ ಕಿರುನಾಳವನ್ನು ಹಿಗ್ಗಿಸುತ್ತವೆ. ಸೋಸುವ ಜಾಲರಿಯೊಳಗೆ ಒತ್ತಡ ಏರಿ ವರ್ಷಗಳುದ್ದಕ್ಕೂ ಅದನ್ನು ಹಾಳುಗೆಡವುತ್ತದೆ. ಮಾತ್ರೆ ಸೋಡಿಯಂ ಹೀರುವುದನ್ನು ತಡೆದಾಗ ಸಂವೇದಕಗಳಿಗೆ ಸರಿಯಾದ ಸುದ್ದಿ ಮುಟ್ಟುತ್ತದೆ, ಕಿರುನಾಳ ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ. ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಸೋಸುವಿಕೆಯ ಪ್ರಮಾಣ ತುಸು ಕುಸಿದಂತೆ, ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ತುಸು ಏರಿದಂತೆ ಲ್ಯಾಬ್ ವರದಿಯಲ್ಲಿ ಕಾಣುವುದು ಇದೇ ಕಾರಣಕ್ಕೆ. ಸಾಮಾನ್ಯವಾಗಿ ಅದು ಕೆಡುಕಿನ ಸೂಚನೆಯಲ್ಲ. ಹೃದಯದ ವಿಷಯ ಇಷ್ಟು ಸರಳವಾಗಿಲ್ಲ, ಏಕೆಂದರೆ ಹೃದಯದ ಸ್ನಾಯುಕೋಶಗಳಲ್ಲಿ ಎಸ್‌ಜಿಎಲ್‌ಟಿ2 ಇದೆಯೆಂದು ಹೇಳುವಂತಿಲ್ಲ. ಅಲ್ಲಿನ ಲಾಭಕ್ಕೆ ಕಾರಣವೇನೆಂಬ ಚರ್ಚೆ ಇನ್ನೂ ನಡೆದಿದೆ.

ಇಲ್ಲಿ ಒಂದೆರಡು ಎಚ್ಚರಿಕೆಗಳನ್ನು ಹೇಳಲೇಬೇಕು, ಏಕೆಂದರೆ ಬೆಲೆ ಇಳಿದ ಮೇಲೆ ಈ ಔಷಧ ಮೆಟ್‌ಫಾರ್ಮಿನ್ ಮೊದಲಾದವುಗಳ ಜೊತೆ ಒಂದೇ ಮಾತ್ರೆಯಲ್ಲಿ ಬೆರೆತು ಬರುತ್ತಿದೆ, ರೋಗಿಗೆ ತಾನು ಇದನ್ನು ನುಂಗುತ್ತಿದ್ದೇನೆಂಬುದೇ ತಿಳಿಯದಿರಬಹುದು. ಈ ಮಾತ್ರೆ ತೆಗೆದುಕೊಳ್ಳುವವರ ಮೂತ್ರ ಪರೀಕ್ಷೆಯ ವರದಿಯಲ್ಲಿ ಸಕ್ಕರೆಯ ಮುಂದೆ ಮೂರು ನಾಲ್ಕು ಪ್ಲಸ್ ಗುರುತುಗಳಿರುವುದು ಸಹಜ. ಅದನ್ನು ಕಂಡು ಗಾಬರಿಯಾಗಿ ಇನ್ಸುಲಿನ್ ಹೆಚ್ಚಿಸಿಕೊಳ್ಳುವುದು ಅಪಾಯ. ಮೂತ್ರದಲ್ಲಿ ಸಕ್ಕರೆ ಇರುವುದರಿಂದ ಜನನಾಂಗದ ಶಿಲೀಂಧ್ರ ಸೋಂಕು ಹೆಚ್ಚು, ಮಹಿಳೆಯರಲ್ಲಿ ಇನ್ನೂ ಹೆಚ್ಚು. ಸಂಕೋಚದಿಂದ ಅದನ್ನು ವೈದ್ಯರಿಗೆ ಹೇಳದೆ ಸುಮ್ಮನಿರುವವರು ಬಹಳ. ಎಲ್ಲಕ್ಕಿಂತ ಗಂಭೀರವಾದದ್ದು ಕೀಟೋ ಆಮ್ಲತೆ, ಅಂದರೆ ಕೊಬ್ಬು ಕರಗಿ ಹುಟ್ಟುವ ಆಮ್ಲಗಳು ರಕ್ತದಲ್ಲಿ ಅಪಾಯಕರವಾಗಿ ತುಂಬಿಕೊಳ್ಳುವುದು: ಸಾಮಾನ್ಯವಾಗಿ ಅದು ಸಕ್ಕರೆ ತುಂಬಾ ಏರಿದಾಗ ಬರುವ ಸ್ಥಿತಿ, ಆದರೆ ಈ ಔಷಧ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಹೆಚ್ಚೇನೂ ಇಲ್ಲದಾಗಲೂ ಬರಬಹುದು, ಆದ್ದರಿಂದ ಗ್ಲೂಕೋಮೀಟರ್ ನೋಡಿ ಎಲ್ಲ ಸರಿಯಿದೆ ಎಂದುಕೊಂಡುಬಿಡುವ ಸಂಭವವಿದೆ. 2015ರಲ್ಲೇ ಅಮೆರಿಕದ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಸಿತ್ತು. ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲು ಇವನ್ನು ನಿಲ್ಲಿಸಬೇಕೆಂಬ ನಿಯಮ ಬಂದದ್ದೂ ಇದರಿಂದಲೇ. ಶಿವರಾತ್ರಿ, ಏಕಾದಶಿಯ ನಿರಾಹಾರವೋ ರಂಜಾನಿನ ಉಪವಾಸವೋ ಮಾಡುವವರು, ವಾಂತಿಭೇದಿಯಿಂದ ಊಟ ಬಿಟ್ಟವರು ಈ ಮಾತ್ರೆಯ ವಿಷಯದಲ್ಲಿ ಮೊದಲೇ ವೈದ್ಯರನ್ನು ಕೇಳಿಕೊಳ್ಳುವುದು ತೀರಾ ಅಗತ್ಯ. ಟೈಪ್ 1 ಮಧುಮೇಹಿಗಳಿಗೆ ಇದು ಸಲ್ಲುವ ಔಷಧವಲ್ಲ.

ಎಸ್‌ಜಿಎಲ್‌ಟಿ1ರ ಉಪಕಾರ

ತಡೆಯಬಾರದು ಎಂದು ನಾವು ಬಿಟ್ಟ ಎಸ್‌ಜಿಎಲ್‌ಟಿ1 ಸಾಗಣೆ ಪ್ರೋಟೀನುಗಳಲ್ಲೆಲ್ಲ ಹೆಚ್ಚು ಜೀವ ಉಳಿಸಿದ್ದು ಎಂದರೆ ಅತಿಶಯವಾಗದು. ಕಾಲರಾ ರೋಗಾಣುವಿನ ವಿಷ ಕರುಳಿನ ಕೋಶಗಳಲ್ಲಿ ಸಿಎಫ್‌ಟಿಆರ್ ಎಂಬ ಕ್ಲೋರೈಡ್ ಕಾಲುವೆಯನ್ನು ತೆರೆದೇ ಇಟ್ಟು ನೀರು ಹರಿದುಹೋಗುವಂತೆ ಮಾಡುತ್ತದೆ. ಆದರೆ ಆಗಲೂ ಎಸ್‌ಜಿಎಲ್‌ಟಿ1 ಕೆಡದೆ ಇರುತ್ತದೆ. ಉಪ್ಪು ಮತ್ತು ಗ್ಲೂಕೋಸನ್ನು ಸರಿಯಾದ ಅಳತೆಯಲ್ಲಿ ಒಟ್ಟಿಗೆ ಕುಡಿಸಿದರೆ ಅದು ಎರಡನ್ನೂ ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಬರುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡ, ಗ್ಲೂಕೋಸುಗಳನ್ನು ನೀರಿನಲ್ಲಿ ಬೆರೆಸಿ ಡ್ರಮ್ಮುಗಳಲ್ಲಿ ಇರಿಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರ ಸುಮಾರಿಗೆ ಇದ್ದ ಸಾವಿನ ಪ್ರಮಾಣ, ಈ ಚಿಕಿತ್ಸೆ ಪಡೆದವರಲ್ಲಿ ಶೇ 4ಕ್ಕಿಂತ ಕೆಳಗೆ ಬಂತು.

ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ಒಆರ್‌ಎಸ್ ಪೊಟ್ಟಣದ ಹಿಂಬದಿ ಓದಿದರೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ ಎಂದಿರುತ್ತದೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಈ ಸೂತ್ರದಲ್ಲಿ ಗ್ಲೂಕೋಸ್ ಅಣುಗಳೂ ಸೋಡಿಯಂ ಅಯಾನುಗಳೂ ಸಮಸಂಖ್ಯೆಯಲ್ಲಿವೆ. ಸಕ್ಕರೆ ಇದಕ್ಕಿಂತ ಬಹಳ ಹೆಚ್ಚಾದರೆ ಹೀರಿಕೆಯಾಗದೆ ಉಳಿದದ್ದು ಕರುಳಿನೊಳಗೆ ನೀರನ್ನೇ ಎಳೆದುಕೊಂಡು ಭೇದಿಯನ್ನು ಹೆಚ್ಚಿಸುತ್ತದೆ. ಹಾಗಾಗಿಯೇ ಸಕ್ಕರೆ ತುಂಬಿದ ಪಾನೀಯಗಳಿಗೆ ಒಆರ್‌ಎಸ್ ಎಂಬ ಹೆಸರು ಅಂಟಿಸಿ ಮಾರುವುದು ಮಕ್ಕಳ ಪ್ರಾಣಕ್ಕೆ ಕುತ್ತು ತರುವ ಕೆಲಸವಾಗಿತ್ತು. 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಅದನ್ನು ನಿಷೇಧಿಸಿತು. ವೈದ್ಯರೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ ಬಂದ ಆದೇಶವಿದು. ಇನ್ನೂ ಮೊದಲೇ ಬರಬೇಕಿತ್ತು.

ಎಲ್ಲೆಡೆ ಇರುವುದರ ತೊಡಕು

ವಿಳಾಸ ಸ್ಪಷ್ಟವಾಗಿದ್ದರೆ ಔಷಧ ಗೆಲ್ಲುತ್ತದೆ ಎಂಬುದಕ್ಕೆ ಮನೆಮನೆಯಲ್ಲಿ ‘ಗ್ಯಾಸ್ಟ್ರಿಕ್ ಮಾತ್ರೆ’ ಎಂದು ಕರೆಯುವ ಒಮೆಪ್ರಜೋಲ್ ಇನ್ನೊಂದು ಸಾಕ್ಷಿ. ಅದು ಹೊಟ್ಟೆಯಲ್ಲಿ ಆಮ್ಲ ಸುರಿಸುವ ಪ್ರೋಟಾನ್ ಪಂಪನ್ನು ತಡೆಯುತ್ತದೆ. 1988ರಲ್ಲಿ ಮಾರುಕಟ್ಟೆಗೆ ಬಂದ ಈ ಔಷಧ ನುಂಗಿದಾಗ ನಿಷ್ಕ್ರಿಯವಾಗಿಯೇ ಇರುತ್ತದೆ. ರಕ್ತದ ಮೂಲಕ ಸುತ್ತಿ ಬಂದು, ಜಠರದ ಕೋಶಗಳ ಅತಿ ಹುಳಿಯಾದ ಕಿರುಕಾಲುವೆಗಳಲ್ಲಿ ಶೇಖರವಾಗಿ, ಆ ಆಮ್ಲದಿಂದಲೇ ರೂಪ ಬದಲಿಸಿಕೊಂಡು ಪಂಪಿಗೆ ಅಂಟಿಕೊಳ್ಳುತ್ತದೆ. ಅಷ್ಟು ಹುಳಿಯಾದ ಜಾಗ ದೇಹದಲ್ಲಿ ಬೇರೆಲ್ಲೂ ಇಲ್ಲದ್ದರಿಂದ ಔಷಧ ಬೇರೆಲ್ಲೂ ಎಚ್ಚರಗೊಳ್ಳುವುದಿಲ್ಲ. ಊಟದ ಹೊತ್ತಿಗೆ ಪಂಪುಗಳು ಚುರುಕಾಗುವುದರಿಂದ ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದು.

ಇದಕ್ಕೆ ವಿರುದ್ಧವಾದದ್ದು ಡಿಜಿಟಾಲಿಸ್ ಗಿಡದಿಂದ ತೆಗೆಯುವ ಡಿಜಾಕ್ಸಿನ್. 1785ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಡಿಜಿಟಾಲಿಸ್ ಗಿಡದ ಬಳಕೆಯನ್ನು ವಿವರಿಸಿದ ಕಾಲದಿಂದಲೂ ಆ ಗಿಡದ ಸತ್ವ ಸೋಲುತ್ತಿರುವ ಹೃದಯಕ್ಕೆ ಬಲ ಕೊಡುತ್ತಿದೆ. ಅದರ ಗುರಿ 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರಗಳಲ್ಲಿ ಕಂಡುಹಿಡಿದ, ಮುಂದೆ ಅವರಿಗೆ ನೊಬೆಲ್ ತಂದುಕೊಟ್ಟ ಸೋಡಿಯಂ ಪೊಟ್ಯಾಸಿಯಂ ಪಂಪು. ಆದರೆ ಆ ಪಂಪು ದೇಹದ ಪ್ರತಿಯೊಂದು ಜೀವಕೋಶದಲ್ಲೂ ಇದೆ. ಹಾಗಾಗಿ ಡಿಜಾಕ್ಸಿನ್ ಉಪಕಾರ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು.

ಕ್ಯಾನ್ಸರಿನಲ್ಲಿ ಇದೇ ತೊಡಕು ಸೋಲಾಗಿಯೇ ಪರಿಣಮಿಸಿತು. ಕ್ಯಾನ್ಸರ್ ಕೋಶಗಳು ಔಷಧಗಳನ್ನು ಒಳಗೆ ಬಂದಂತೆಲ್ಲ ಹೊರದಬ್ಬಲು ಪಿ ಗ್ಲೈಕೊಪ್ರೋಟೀನ್ ಎಂಬ ಪಂಪನ್ನು ಬಳಸುತ್ತವೆ ಎಂದು ತಿಳಿದು ಬಂದದ್ದು 1976ರಲ್ಲಿ ಅದರ ಪತ್ತೆಯಾದ ಮೇಲಿನ ವರ್ಷಗಳಲ್ಲಿ. ಆ ಪಂಪನ್ನು ತಡೆದರೆ ಕಿಮೊಥೆರಪಿ ಮತ್ತೆ ಫಲ ಕೊಡಬೇಕಲ್ಲವೇ? ಮೂರು ತಲೆಮಾರಿನ ತಡೆ ಔಷಧಗಳು ಬಂದವು, ದೊಡ್ಡ ದೊಡ್ಡ ಪರೀಕ್ಷೆಗಳು ನಡೆದವು, ಯಾವುದೂ ಚಿಕಿತ್ಸೆಯಾಗಿ ನಿಲ್ಲಲಿಲ್ಲ. ಕಾರಣಗಳಲ್ಲಿ ಮುಖ್ಯವಾದದ್ದು, ಅದೇ ಪಂಪು ಕರುಳು, ಪಿತ್ತಜನಕಾಂಗ, ಮೂತ್ರಪಿಂಡಗಳಲ್ಲಿ, ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಕಾವಲಿಗಿರುವುದು. ಭೇದಿ ನಿಲ್ಲಿಸಲು ಕೊಡುವ ಲೋಪೆರಮೈಡ್ ಅಫೀಮಿನ ವರ್ಗದ ಔಷಧವಾದರೂ ಅಮಲು ತಾರದಿರುವುದು ಈ ಪಂಪು ಅದನ್ನು ಮಿದುಳಿಗೆ ಬಿಡದೆ ಹಿಂದಕ್ಕೆ ನೂಕುವುದರಿಂದ. ಕ್ಯಾನ್ಸರಿನಲ್ಲಿ ಪಂಪನ್ನು ನಿಲ್ಲಿಸಿದರೆ ಆರೋಗ್ಯವಂತ ಅಂಗಗಳ ಕಾವಲೂ ಸಡಿಲವಾಗಿ, ಕಿಮೊಥೆರಪಿಯ ವಿಷ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ರೋಗಾಣುಗಳ ಪಂಪುಗಳ ವಿಷಯದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬಹುದು, ಏಕೆಂದರೆ ಅವು ನಮ್ಮ ಕೋಶಗಳ ಪಂಪುಗಳಿಗಿಂತ ಸಾಕಷ್ಟು ಬೇರೆಯಾಗಿವೆ. ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಔಷಧವನ್ನು ಹೊರಹಾಕುವ ಪಂಪುಗಳನ್ನು ಹೇರಳವಾಗಿ ತಯಾರಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಣು ಜೈವಿಕ ಭೌತವಿಜ್ಞಾನ ವಿಭಾಗದ ಸಂಶೋಧಕರು ಸ್ಟೆಫೈಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ನಾರ್‌ಸಿ ಎಂಬ ಅಂಥ ಪಂಪಿನ ರಚನೆಯನ್ನು, ಒಂಟೆಯ ಜಾತಿಯ ಪ್ರಾಣಿಗಳಲ್ಲಿ ದೊರೆಯುವ ಪುಟ್ಟ ಪ್ರತಿಕಾಯವೊಂದು ಅದರ ಹೊರಬಾಯಿಗೆ ಸಿಕ್ಕಿಕೊಂಡು ತಡೆಯುತ್ತಿರುವ ಸ್ಥಿತಿಯಲ್ಲೇ ಬಿಡಿಸಿ 2021ರಲ್ಲಿ ಪ್ರಕಟಿಸಿದರು. ಬಾಗಿಲನ್ನು ಹೊರಗಿನಿಂದಲೇ ತಡೆಯಬಹುದೆಂದು ತೋರಿಸುವ ಈ ಕೆಲಸ ಬೆಂಗಳೂರಿನಲ್ಲಿ ಆಗಿದೆ ಎಂಬುದು ಕನ್ನಡಿಗರಿಗೆ ಇನ್ನಷ್ಟು ಪರಿಚಯವಾಗಬೇಕಾದ ಸಂಗತಿ.

ಮನುಷ್ಯನ ದೇಹದಲ್ಲಿ ಎಸ್‌ಎಲ್‌ಸಿ ಎಂಬ ಒಂದೇ ದೊಡ್ಡ ಕುಲದಲ್ಲಿ ಸುಮಾರು 450 ಸಾಗಣೆ ಪ್ರೋಟೀನುಗಳಿವೆ. ಎಸ್‌ಜಿಎಲ್‌ಟಿಗಳೂ ಆ ಕುಲದವೇ. ಇವುಗಳಲ್ಲಿ ಔಷಧದ ಗುರಿಯಾಗಿರುವುದು ಬೆರಳೆಣಿಕೆಯಷ್ಟು; ಎಷ್ಟೋ ಪ್ರೋಟೀನುಗಳು ಏನನ್ನು ಸಾಗಿಸುತ್ತವೆ ಎಂಬುದೇ ಬಹುಕಾಲ ಗೊತ್ತಿರಲಿಲ್ಲ. 2018ರಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳೂ ಔಷಧ ಕಂಪನಿಗಳೂ ಸೇರಿ ಇವನ್ನು ಒಂದೊಂದಾಗಿ ಅಭ್ಯಸಿಸುವ ಯೋಜನೆ ಆರಂಭಿಸಿದವು. ಯಾವುದನ್ನು ತಡೆಯುವುದು ಸುರಕ್ಷಿತ ಎಂದು ತಿಳಿಯುವ ಅತ್ಯುತ್ತಮ ದಾರಿ ಈಗಲೂ ಅದೇ: ಹುಟ್ಟಿನಿಂದ ಅದು ಇಲ್ಲದವರು ಹೇಗಿದ್ದಾರೆ ಎಂದು ನೋಡುವುದು. 2014ರಲ್ಲಿ ಸುಮಾರು ಒಂದೂವರೆ ಲಕ್ಷ ಜನರ ವಂಶವಾಹಿಗಳನ್ನು ಪರಿಶೀಲಿಸಿದಾಗ, ಇನ್ಸುಲಿನ್ ತಯಾರಿಸುವ ಕೋಶಗಳಲ್ಲಿ ಸತುವನ್ನು ಸಾಗಿಸುವ ಪ್ರೋಟೀನಿನ ಒಂದು ಪ್ರತಿ ಕೆಟ್ಟಿರುವವರಿಗೆ ಟೈಪ್ 2 ಮಧುಮೇಹದ ಅಪಾಯ ಶೇ 65ರಷ್ಟು ಕಡಿಮೆಯೆಂದು ಕಂಡುಬಂತು. ಪ್ರಯೋಗಶಾಲೆಯ ಇಲಿಗಳು ಅದಕ್ಕೆ ವಿರುದ್ಧವಾದುದನ್ನು ಸೂಚಿಸಿದ್ದವು.

ಇಂಥ ಹುಡುಕಾಟಕ್ಕೆ ನಮ್ಮ ನಾಡು ಒದಗಿಸಬಹುದಾದದ್ದು ಬಹಳ. ಸೋದರಮಾವನ ಜೊತೆಗೋ ಅತ್ತೆಯ ಮಗನ ಜೊತೆಗೋ ಮದುವೆಯಾಗುವ ರೂಢಿ ದಕ್ಷಿಣ ಭಾರತದಲ್ಲಿ ಹಿಂದಿನಿಂದ ಬಂದದ್ದು. ಅಂಥ ಕುಟುಂಬಗಳಲ್ಲಿ ಒಂದು ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿರುವ ಮಕ್ಕಳು ಹುಟ್ಟುವ ಸಂಭವ ಹೆಚ್ಚು. ಅವರಲ್ಲಿ ಕೆಲವರಿಗೆ ಅದು ಕಾಯಿಲೆ. ಕೆಲವರಿಗೆ ಏನೂ ಆಗದಿರಬಹುದು, ಅವರು ಅದನ್ನು ಅರಿಯದೆಯೇ ಬಾಳುತ್ತಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸಂಯೋಜನೆಯಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ಸುಮಾರು ಹತ್ತು ಸಾವಿರ ಭಾರತೀಯರ ಸಂಪೂರ್ಣ ವಂಶವಾಹಿ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರ ಬಳಕೆಗೆ ತೆರೆಯಿತು. ಆ ದತ್ತಾಂಶದಲ್ಲಿ ಸಾಗಣೆ ಪ್ರೋಟೀನುಗಳು ಕೆಟ್ಟಿರುವವರನ್ನು ಗುರುತಿಸುವುದು ಕಂಪ್ಯೂಟರಿನ ಮುಂದೆ ಕುಳಿತು ಮಾಡಬಹುದಾದ ಕೆಲಸ. ಅವರ ಒಪ್ಪಿಗೆ ಪಡೆದು, ಹೆಸರು ಗುಟ್ಟಾಗಿಟ್ಟು, ಮತ್ತೆ ಮತ್ತೆ ಹೋಗಿ ಅವರ ಮೂತ್ರಪಿಂಡ, ಹೃದಯ, ರಕ್ತದ ಸಕ್ಕರೆಗಳನ್ನು ವರ್ಷಗಳ ಕಾಲ ಗಮನಿಸುವುದಕ್ಕೆ ಮಾತ್ರ ತಾಲ್ಲೂಕು ಆಸ್ಪತ್ರೆಗಳ ವೈದ್ಯರೂ ಆಶಾ ಕಾರ್ಯಕರ್ತೆಯರೂ ಬೇಕು, ಅದಕ್ಕೆ ತಕ್ಕ ಹಣವೂ ಬೇಕು.